ಸಂಸತ್ಸಮಿತಿಗಳ ಅವೇಕ್ಷಣವನ್ನು ಕುರಿತ ಪ್ರಬಂಧ: ಪ್ರಮಾಣವಿಚಾರ

ಆಂಗ್ಲಭಾಷೆಯ ‘ಓವರ್‌ಸೈಟ್’ ಎಂಬ ಪದಕ್ಕೆ ಪರಸ್ಪರ ವಿರುದ್ಧವಾದ ಎರಡು ಅರ್ಥಗಳುಂಟು. ಮೇಲೆ ನಿಂತು ನೋಡಿಕೊಳ್ಳುವುದೆಂಬುದು ಒಂದು. ಕಣ್ಣಿಗೆ ಬೀಳಬೇಕಾದುದು ಬೀಳದೆ ತಪ್ಪಿಹೋಗುವುದೆಂಬುದು ಇನ್ನೊಂದು. ಸಂಸ್ಕೃತದಲ್ಲಿ ಈ ತೊಡಕಿಲ್ಲ. ‘ಈಕ್ಷ್’ ಧಾತುವು ಒಂದೇ ಆದರೂ ಉಪಸರ್ಗಭೇದದಿಂದ ಅರ್ಥವು ಬೇರೆ ಬೇರೆಯಾಗುತ್ತದೆ. ಅವೇಕ್ಷೆಯೆಂದರೆ ಗಮನವಿಟ್ಟು ನೋಡಿಕೊಳ್ಳುವುದು. ಪರೀಕ್ಷೆಯೆಂದರೆ ಎಲ್ಲ ಕಡೆಯಿಂದಲೂ ನೋಡಿ ಒರೆಗೆ ಹಚ್ಚುವುದು. ಉಪೇಕ್ಷೆಯೆಂದರೆ ಕಂಡೂ ಕಾಣದಂತೆ ಬಿಟ್ಟುಬಿಡುವುದು. ಆಡಳಿತದ ಮೇಲೆ ಸಂಸತ್ತಿನ ಸಮಿತಿಗಳು ಇಡತಕ್ಕ ಕಣ್ಣು ಈ ಮೂರರಲ್ಲಿ ಯಾವುದು ಎಂಬುದೇ ಈ ವಿಷಯದ ಮೂಲಪ್ರಶ್ನೆ. ಸಮಿತಿಯು ಇದೆ ಎಂದಮಾತ್ರಕ್ಕೆ ಅವೇಕ್ಷಣವು ನಡೆಯಿತೆಂದು ಸಿದ್ಧವಾಗುವುದಿಲ್ಲ.

‘ಸಮಿತಿ’ ಶಬ್ದದ ವೃತ್ತಾಂತವೂ ಇಲ್ಲಿ ಸ್ಮರಣೀಯವೇ. ವೇದಕಾಲದಲ್ಲಿ ಜನರು ಕೂಡುತ್ತಿದ್ದ ದೊಡ್ಡ ಕೂಟಕ್ಕೆ ಆ ಹೆಸರಿದ್ದಿತು. ಅಥರ್ವವೇದದಲ್ಲಿ ಸಭೆ ಸಮಿತಿಗಳೆರಡನ್ನೂ ಪ್ರಜಾಪತಿಯ ಪುತ್ರಿಯರೆಂದು ಹೇಳಿದೆ. ಈಗಲಾದರೋ ದೊಡ್ಡ ಸಭೆಯು ತನ್ನೊಳಗಿನಿಂದ ಆರಿಸಿ ಪ್ರತ್ಯೇಕ ಕಾರ್ಯಕ್ಕೆ ನಿಯಮಿಸಿದ ಚಿಕ್ಕ ಗುಂಪಿಗೆ ಮಾತ್ರ ಆ ಶಬ್ದವು ಸಲ್ಲುತ್ತಿದೆ.

ವಿಶ್ವವಿದ್ಯಾನಿಲಯಗಳಲ್ಲಿ ರಾಜ್ಯಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳಿಗೆ ಈ ವಿಷಯವನ್ನು ಪ್ರಬಂಧಕ್ಕೆ ಕೊಡುವುದು ವಾಡಿಕೆ. ಅಂತಹ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ತೋರುವ ದೋಷವೊಂದೇ: ಅವು ಸಮಿತಿಯ ಲಕ್ಷಣವನ್ನು ಹೇಳುತ್ತವೆ, ಸಮಿತಿಯ ಕಾರ್ಯವನ್ನು ಹೇಳುವುದಿಲ್ಲ. ಲಕ್ಷಣಭಾಗವನ್ನು ಮುಗಿಸಲು ಕೆಲವು ವಾಕ್ಯಗಳೇ ಸಾಕು. ಇಂಗ್ಲೆಂಡಿನ ಕಾಮನ್ಸ್ ಸಭೆಯ ಲೆಕ್ಕಪತ್ರ ಸಮಿತಿಯು ೧೮೬೧ರಲ್ಲಿ ಗ್ಲಾಡ್‌ಸ್ಟನ್ನನು ಹಣಕಾಸಿನ ಮಂತ್ರಿಯಾಗಿದ್ದಾಗ ಹುಟ್ಟಿತು. ಭಾರತದಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ೧೯೨೧ರಲ್ಲಿ ಏರ್ಪಟ್ಟಿತು. ಆದರೆ ೧೯೫೦ರವರೆಗೂ ಅದರ ಅಧ್ಯಕ್ಷಪೀಠದಲ್ಲಿ ಸರ್ಕಾರದ ಹಣಕಾಸಿನ ಸದಸ್ಯನೇ ಕುಳಿತಿರುತ್ತಿದ್ದನು. ಲೆಕ್ಕ ಕೊಡಬೇಕಾದವನೇ ಲೆಕ್ಕ ಕೇಳುವ ಪೀಠದಲ್ಲಿದ್ದನೆಂದರೆ ಅವೇಕ್ಷಣವು ಎಷ್ಟರಮಟ್ಟಿಗೆ ನಡೆದೀತೆಂಬುದನ್ನು ವಾಚಕರೇ ಊಹಿಸಬಹುದು. ೧೯೬೭ರಿಂದೀಚೆಗೆ ಆ ಸ್ಥಾನವನ್ನು ವಿರೋಧಪಕ್ಷದವರಿಗೆ ಕೊಡುವ ಸಂಪ್ರದಾಯವು ಬೆಳೆದುಬಂದಿದೆ. ಈ ಸಮಿತಿಯಲ್ಲಿ ಲೋಕಸಭೆಯ ೧೫ ಮಂದಿಯೂ ರಾಜ್ಯಸಭೆಯ ೭ ಮಂದಿಯೂ ಇರುತ್ತಾರೆ, ಮಂತ್ರಿಯಾದವನು ಸದಸ್ಯನಾಗುವಂತಿಲ್ಲ. ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯೀಸಮಿತಿಗಳು ೧೯೯೩ರಲ್ಲಿ ೧೭ ಆಗಿ ಹುಟ್ಟಿ, ೨೦೦೪ರಲ್ಲಿ ೨೪ ಆದುವು. ಇಷ್ಟನ್ನು ಹೇಳಿ ಮುಂದಕ್ಕೆ ಹೋಗತಕ್ಕದ್ದು. ಇದನ್ನೇ ಹತ್ತು ಪುಟಗಳಿಗೆ ಹಿಗ್ಗಿಸಿದ ಪ್ರಬಂಧವು ಗ್ರಂಥಾಲಯದ ಯಾವುದೋ ಒಂದು ಪಾಠ್ಯಪುಸ್ತಕದ ಪ್ರತಿಬಿಂಬವಾದೀತೇ ಹೊರತು ಪ್ರಬಂಧವಾಗಲಾರದು.

ಇನ್ನೊಂದು ದೋಷವು ಸಂಸ್ಕೃತಾಭಿಮಾನಿಗಳಲ್ಲಿ ವಿಶೇಷವಾಗಿ ಕಂಡುಬರುತ್ತದೆ. ಯಾವ ಪ್ರಬಂಧವನ್ನೇ ಆಗಲಿ ಕೌಟಿಲ್ಯನಿಂದ ಆರಂಭಿಸಬೇಕೆಂಬ ಹಂಬಲವೇ ಅದು. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು ೧೯೦೯ರಲ್ಲಿ ಅಚ್ಚಾದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅಕ್ಷಪಟಲದ ವಿಚಾರವೂ, ಆಷಾಢದಲ್ಲಿ ಲೆಕ್ಕವನ್ನೊಪ್ಪಿಸುವ ನಿಯಮವೂ, ನಿಯೋಗಿಗಳು ರಾಜಧನವನ್ನು ಅಪಹರಿಸುವ ನಲವತ್ತು ಉಪಾಯಗಳೂ ಇರುವುದು ನಿಜ. ಕನ್ನಡನಾಡಿನವರು ಅದರಿಂದ ಹೆಮ್ಮೆಪಡುವುದೂ ಯುಕ್ತವೇ. ಆದರೆ ಅಲ್ಲಿ ಪರೀಕ್ಷಿಸುವವನೂ ರಾಜನ ಸೇವಕ, ಪರೀಕ್ಷೆಗೊಳಗಾಗುವವನೂ ರಾಜನ ಸೇವಕ. ಪರೀಕ್ಷಿಸುವವರು ಆಡಳಿತದ ಹೊರಗಿನವರಾಗಿದ್ದು, ಪ್ರಜೆಗಳ ಪ್ರತಿನಿಧಿಗಳೆಂಬ ಅಧಿಕಾರದಿಂದ ಪ್ರಶ್ನಿಸುವುದು ಸಂಸತ್ಸಮಿತಿಯ ಪ್ರಾಣ. ಈ ವೈಧರ್ಮ್ಯವನ್ನು ಮರೆತು ಸಾಧರ್ಮ್ಯಮಾತ್ರವನ್ನು ಹೇಳಿದರೆ ಅದು ಉಪಮಾಲಂಕಾರವಾದೀತೇ ವಿನಾ ಪ್ರಮಾಣವಾಗದು. ಕೌಟಿಲ್ಯನನ್ನು ತರುವವರು ಈ ಭೇದವನ್ನು ತೋರಿಸುವುದಕ್ಕಾಗಿ ತಂದರೆ ಪ್ರಯೋಜನವುಂಟು.

ಪ್ರಬಂಧಕ್ಕೆ ಆಕರಗಳಾವುವು? ಎಲ್ಲರೂ ಮೊದಲು ಹುಡುಕುವುದು ಸಮಿತಿಯ ವರದಿಯನ್ನು. ವರದಿಯು ಅವಶ್ಯವೇ, ಆದರೆ ಅದು ಸಮಿತಿಯು ತನ್ನ ವಿಷಯದಲ್ಲಿ ತಾನೇ ಆಡಿದ ಮಾತು. ಅದರ ಹಿಂದೆ ಒಂದು ಆಕರವೂ ಮುಂದೆ ಎರಡು ಆಕರಗಳೂ ಇವೆ. ಲೆಕ್ಕಪತ್ರ ಸಮಿತಿಯ ವಿಷಯದಲ್ಲಿ ಹಿಂದಿನದೆಂದರೆ, ಸಂವಿಧಾನದ ೧೫೧ನೆಯ ಅನುಚ್ಛೇದದಂತೆ ಸಂಸತ್ತಿನ ಮುಂದಿಡಲ್ಪಡುವ ಮಹಾಲೆಕ್ಕಪರಿಶೋಧಕರ ವರದಿ. ಇದನ್ನು ಸಮಿತಿಯ ವರದಿಯೊಡನೆ ಜೋಡಿಸಿ ಓದಿದಾಗ, ಪರಿಶೋಧಕರು ಎತ್ತಿದ ಎಷ್ಟು ಆಕ್ಷೇಪಗಳನ್ನು ಸಮಿತಿಯು ಕೈಗೆತ್ತಿಕೊಂಡಿತು, ಎಷ್ಟನ್ನು ಹಾಗೆಯೇ ಬಿಟ್ಟಿತು ಎಂಬುದು ತಿಳಿಯುತ್ತದೆ. ಬಿಟ್ಟವುಗಳ ಪಟ್ಟಿಯೇ ಉಪೇಕ್ಷೆಯ ಪಟ್ಟಿ. ಇದನ್ನು ಬರೆದಿಟ್ಟುಕೊಳ್ಳುವ ವಿದ್ಯಾರ್ಥಿಗಳು ವಿರಳ. ಮುಂದಿನ ಆಕರಗಳೆಂದರೆ ಸರ್ಕಾರದ ಉತ್ತರವೂ, ಆ ಉತ್ತರದ ಮೇಲೆ ಸಮಿತಿಯು ಪ್ರಕಟಿಸುವ ಕೈಗೊಂಡ ಕ್ರಮಗಳ ವರದಿಯೂ.

ಈ ಕೊನೆಯದು ನೋಡಲು ನೀರಸವಾಗಿದ್ದರೂ ವಿದ್ಯಾರ್ಥಿಯ ಪಾಲಿಗೆ ನಿಧಿಯಂತಿದೆ. ಅದರಲ್ಲಿ ಹಿಂದಿನ ಶಿಫಾರಸುಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸುವ ಪದ್ಧತಿಯಿದೆ: ಸರ್ಕಾರವು ಅಂಗೀಕರಿಸಿದವು, ಸರ್ಕಾರದ ಉತ್ತರವನ್ನು ಕಂಡು ಸಮಿತಿಯು ಮುಂದುವರಿಸಲು ಇಚ್ಛಿಸದವು, ಉತ್ತರವನ್ನು ಸಮಿತಿಯು ಒಪ್ಪದೆ ಉಳಿದವು, ಕೊನೆಯ ಉತ್ತರವು ಇನ್ನೂ ಬಾರದವು. ಮೊದಲನೆಯ ವರ್ಗವನ್ನು ಎಣಿಸಿ, ‘ಇಷ್ಟು ಶಿಫಾರಸುಗಳು ಅಂಗೀಕೃತವಾದುವು, ಆದುದರಿಂದ ಸಮಿತಿಯು ಸಫಲವಾಯಿತು’ ಎಂದು ನಿರ್ಣಯಿಸುವುದು ಸುಲಭ. ಆದರೆ ಅಂಗೀಕಾರವೇ ಬೇರೆ, ಅನುಷ್ಠಾನವೇ ಬೇರೆ. ‘ಗಮನಿಸಲಾಗಿದೆ’ ‘ಅಧೀನ ಕಛೇರಿಗಳಿಗೆ ಸೂಚನೆ ಹೋಗಿದೆ’ ಎಂಬಂತಹ ಉತ್ತರಗಳೂ ಅಂಗೀಕಾರದ ವರ್ಗದಲ್ಲಿ ಸೇರಿಹೋಗಬಲ್ಲವು. ಸೂಚನೆಯು ಹೋದಮೇಲೆ ಏನು ನಡೆಯಿತೆಂಬುದು ಆ ಪುಟದಲ್ಲಿರುವುದಿಲ್ಲ. ಎರಡನೆಯ ವರ್ಗವಂತೂ ಇನ್ನೂ ಸೂಕ್ಷ್ಮವಾದುದು: ಸಮಿತಿಯು ಹಿಂದೆ ಸರಿದುದು ಉತ್ತರವು ಸಮರ್ಪಕವಾಗಿದ್ದುದರಿಂದಲೋ, ಬೇಸತ್ತೋ ಎಂಬುದನ್ನು ಉತ್ತರವನ್ನೇ ಓದಿ ತೂಗಬೇಕು. ಮೂರನೆಯದರಲ್ಲಿ ಮಾತ್ರ ಸಮಿತಿಯ ನಿಜವಾದ ಪಟ್ಟು ಕಾಣುತ್ತದೆ.

ಇಷ್ಟೆಲ್ಲ ಆದಮೇಲೆ ಕಠಿನತರವಾದ ಪ್ರಶ್ನೆಯೊಂದುಂಟು. ಸಮಿತಿಯು ಹೇಳಿತು, ಬಳಿಕ ಆಡಳಿತವು ಬದಲಾಯಿತು. ಬದಲಾದುದು ಸಮಿತಿಯು ಹೇಳಿದ್ದರಿಂದಲೇ ಎಂದು ತಿಳಿಯುವುದೆಂತು? ಇಲ್ಲಿ ತರ್ಕಶಾಸ್ತ್ರದ ಪರಿಚಯವಿದ್ದವರಿಗೆ ಪಾಶ್ಚಾತ್ಯಗ್ರಂಥಗಳ ನೆರವಿಲ್ಲದೆಯೇ ದಾರಿ ತೋರುತ್ತದೆ. ಕಾರಣವಾದುದು ಕಾರ್ಯಕ್ಕೆ ನಿಯತವಾಗಿ ಪೂರ್ವದಲ್ಲಿರಬೇಕು. ಮತ್ತು ಅದು ಅನ್ಯಥಾಸಿದ್ಧವಾಗಿರಕೂಡದು. ಕುಂಬಾರನ ಕತ್ತೆಯು ಮಣ್ಣನ್ನು ಹೊತ್ತುತಂದಿತೆಂಬುದರಿಂದ ಅದು ಗಡಿಗೆಗೆ ಕಾರಣವಾಗುವುದಿಲ್ಲವೆಂಬ ಉದಾಹರಣೆಯು ಪಾಠಶಾಲೆಯ ಬಾಲಕರಿಗೂ ತಿಳಿದುದಷ್ಟೆ. ಈ ಎರಡು ನಿಯಮಗಳನ್ನು ಒಂದು ನಿಜವೃತ್ತಾಂತಕ್ಕೆ ಹಚ್ಚಿ ನೋಡಬಹುದು.

೨೦೦೯ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರಾ ಜಿಲ್ಲೆಯಲ್ಲಿಯೂ, ಗರ್ಭಕಂಠದ ಕ್ಯಾನ್ಸರನ್ನು ತಡೆಯತಕ್ಕ ಲಸಿಕೆಯನ್ನು ೧೦ರಿಂದ ೧೪ ವರ್ಷದ ೨೦,೦೦೦ಕ್ಕೂ ಮಿಕ್ಕ ಬಾಲಕಿಯರಿಗೆ ಪ್ರಾಯೋಗಿಕವಾಗಿ ಹಾಕಲು ತೊಡಗಿದರು. ಅವರಲ್ಲಿ ಅನೇಕರು ಬಡ ಕುಟುಂಬಗಳ ಮಕ್ಕಳು. ಖಮ್ಮಮಿನಲ್ಲಿ ಎಷ್ಟೋ ಮಂದಿ ವಿದ್ಯಾರ್ಥಿನಿಲಯಗಳಲ್ಲಿ ವಾಸಿಸುತ್ತಿದ್ದ ಗಿರಿಜನ ಬಾಲಕಿಯರು. ಏಳು ಬಾಲಕಿಯರ ಮರಣವಾರ್ತೆಯು ಹೊರಬಿದ್ದಿತು. ಮಹಿಳೆಯರ ಆರೋಗ್ಯಕ್ಕಾಗಿ ದುಡಿಯುತ್ತಿದ್ದ ಸಂಘಗಳು ಸ್ಥಳಕ್ಕೆ ಹೋಗಿ ವಿಚಾರಿಸಿ ಗದ್ದಲವೆಬ್ಬಿಸಿದುವು. ೨೦೧೦ರ ಏಪ್ರಿಲಿನಲ್ಲಿ ಸರ್ಕಾರವು ಆ ಕಾರ್ಯವನ್ನು ನಿಲ್ಲಿಸಿತು. ಸರ್ಕಾರವು ನೇಮಿಸಿದ ವಿಚಾರಣಾಮಂಡಲಿಯು ಮರಣಗಳಿಗೂ ಲಸಿಕೆಗೂ ಸಂಬಂಧವು ತೋರಿಬರಲಿಲ್ಲವೆಂದಿತು; ಆದರೆ ತಂದೆತಾಯಿಗಳು ಕೊಡಬೇಕಾಗಿದ್ದ ಸಮ್ಮತಿಯ ಪತ್ರಗಳಿಗೆ ವಿದ್ಯಾರ್ಥಿನಿಲಯಗಳ ಮೇಲ್ವಿಚಾರಕರು ರುಜು ಹಾಕಿದ್ದುದು ಬೆಳಕಿಗೆ ಬಂದಿತು. ಆರೋಗ್ಯ ಇಲಾಖೆಗೆ ಸಂಬಂಧಿಸಿದ ಸ್ಥಾಯೀಸಮಿತಿಯು ಈ ವಿಷಯದಲ್ಲಿ ತನ್ನ ೭೨ನೆಯ ವರದಿಯನ್ನು ಒಪ್ಪಿಸಿದುದು ೨೦೧೩ರ ಆಗಸ್ಟಿನಲ್ಲಿ. ಆ ವರದಿಯ ಮಾತು ತೀಕ್ಷ್ಣವಾಗಿಯೇ ಇದೆ.

‘ಸಂಸತ್ಸಮಿತಿಯ ಅವೇಕ್ಷಣದಿಂದ ಅಕ್ರಮವು ನಿಂತಿತು’ ಎಂದು ವಿದ್ಯಾರ್ಥಿಯು ಬರೆದನೆಂದು ಇಟ್ಟುಕೊಳ್ಳೋಣ. ವರ್ಷಗಳನ್ನು ಸಾಲಾಗಿ ಬರೆದೊಡನೆಯೇ ಈ ವಾಕ್ಯವು ಬಿದ್ದುಹೋಗುತ್ತದೆ. ನಿಂತುದು ೨೦೧೦, ವರದಿಯು ೨೦೧೩. ಕಾರ್ಯವು ಹಿಂದೆ, ಕಾರಣವೆಂದು ಹೇಳಿದುದು ಮುಂದೆ. ಇದು ಪೂರ್ವವೃತ್ತಿತ್ವದ ಅಭಾವ.

ಎರಡನೆಯ ಪರೀಕ್ಷೆಯು ಇಷ್ಟು ಸುಲಭವಲ್ಲ. ಔಷಧಪ್ರಯೋಗಕ್ಕೆ ಒಳಗಾಗುವವರ ಸಮ್ಮತಿಯನ್ನು ಪಡೆಯುವಾಗ ಆ ಸಂಭಾಷಣೆಯನ್ನು ಧ್ವನಿಚಿತ್ರಗಳಲ್ಲಿ ದಾಖಲಿಸಿಡಬೇಕೆಂಬ ಆಜ್ಞೆಯು ೨೦೧೩ರ ನವೆಂಬರಿನಲ್ಲಿ ಹೊರಟಿತು. ವರದಿಯು ಆಗಸ್ಟಿನದು, ಪೂರ್ವಾಪರಕ್ರಮವು ಸರಿಯಾಗಿಯೇ ಇದೆ. ಆದರೆ ನಡುವೆ, ಅಕ್ಟೋಬರಿನಲ್ಲಿ, ಬೇರೊಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂತಹ ದಾಖಲೆಯನ್ನು ಇಡಬೇಕೆಂದು ನಿರ್ದೇಶಿಸಿತ್ತು. ಹೀಗಿರುವಾಗ ಆಜ್ಞೆಗೆ ಕಾರಣವು ನ್ಯಾಯಾಲಯವೋ, ಸಮಿತಿಯೋ, ಎರಡೂ ಕೂಡಿಯೋ? ನ್ಯಾಯಾಲಯದ ನಿರ್ದೇಶವೇ ಸಾಕಾಗಿದ್ದಿತೆಂದು ತೋರಿದರೆ ಸಮಿತಿಯು ಕುಂಬಾರನ ಕತ್ತೆಯ ಸ್ಥಾನಕ್ಕೆ ಬರುತ್ತದೆ. ಹಾಗೆಂದು ಒಮ್ಮೆಗೇ ತೀರ್ಮಾನಿಸುವುದೂ ಸಾಹಸವೇ. ೨೦೧೨ರಲ್ಲಿಯೇ ಇದೇ ಸಮಿತಿಯು ತನ್ನ ೫೯ನೆಯ ವರದಿಯಲ್ಲಿ ಔಷಧನಿಯಂತ್ರಣದ ಸಂಸ್ಥೆಯನ್ನು ಕಟುವಾಗಿ ವಿಮರ್ಶಿಸಿ ಆ ವಿಷಯವನ್ನೆಲ್ಲ ಜನರ ಮುಂದಿಟ್ಟಿತ್ತು. ಪ್ರಾಮಾಣಿಕನಾದ ಪ್ರಬಂಧಕಾರನು ಇಲ್ಲಿ ‘ಕಾರಣಗಳಲ್ಲಿ ಒಂದಾಗಿರಬಹುದು’ ಎಂಬಲ್ಲಿಗೆ ನಿಲ್ಲುತ್ತಾನೆ. ಪರೀಕ್ಷಕರು ಈ ಸಂಕೋಚವನ್ನು ದೌರ್ಬಲ್ಯವೆಂದು ಎಣಿಸಿ ಅಂಕವನ್ನು ಕಡಿಮೆಮಾಡುವುದಾದರೆ ದೋಷವು ಪರೀಕ್ಷಕರದೇ.

ಹಾಗಾದರೆ ೭೨ನೆಯ ವರದಿಯಿಂದ ಆದುದೇನು? ಉತ್ತರವು ಅನಿರೀಕ್ಷಿತವಾದ ಕಡೆಯಲ್ಲಿದೆ. ಆ ವರದಿಯನ್ನು ವಾದಿಗಳು ಸರ್ವೋಚ್ಚ ನ್ಯಾಯಾಲಯದಲ್ಲಿ ಆಧಾರವಾಗಿ ಮುಂದಿಟ್ಟರು. ಸಂಸತ್ತಿನ ಸಮಿತಿಯ ವರದಿಯು ನ್ಯಾಯಾಲಯದಲ್ಲಿ ಪ್ರಮಾಣವಾಗಬಲ್ಲುದೇ ಎಂಬ ಪ್ರಶ್ನೆಯೇ ಎದ್ದಿತು. ಕಲ್ಪನಾ ಮೆಹತಾ ಎಂಬವರ ಹೆಸರಿನ ಆ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ೨೦೧೮ರ ಮೇ ೯ರಂದು ತೀರ್ಪಿತ್ತಿತು. ವರದಿಯನ್ನು ನ್ಯಾಯಾಲಯವು ನೋಡಬಹುದು, ಅದರ ಅಸ್ತಿತ್ವವನ್ನು ಗಮನಕ್ಕೆ ತೆಗೆದುಕೊಳ್ಳಬಹುದು. ಆದರೆ ಅದರ ಸಿಂಧುತ್ವವನ್ನು ಅಲ್ಲಿ ಪ್ರಶ್ನಿಸುವಂತಿಲ್ಲ, ವಿವಾದಗ್ರಸ್ತವಾದ ಸಂಗತಿಯನ್ನು ವರದಿಯಲ್ಲಿದೆಯೆಂಬುದರಿಂದಲೇ ಸಿದ್ಧವೆಂದೆಣಿಸುವಂತೆಯೂ ಇಲ್ಲ ಎಂಬುದು ಅದರ ಸಾರ. ಶಬ್ದಪ್ರಮಾಣಕ್ಕೆ ಆಪ್ತತ್ವವೆಷ್ಟು ಎಂಬ ಹಳೆಯ ಚರ್ಚೆಯನ್ನು ಓದಿದವರಿಗೆ ಈ ತೀರ್ಪು ಪರಿಚಿತವಾದ ಧ್ವನಿಯಂತೆ ಕೇಳುತ್ತದೆ. ಪ್ರಬಂಧ ಬರೆಯುವವನಿಗೂ ಇದೇ ನಿಯಮವು ಸಲ್ಲುತ್ತದೆ: ‘ಸಮಿತಿಯು ಹೀಗೆ ಹೇಳಿತು’ ಎಂಬುದಕ್ಕೆ ವರದಿಯೇ ಪ್ರಮಾಣ, ‘ಹೀಗೆ ನಡೆಯಿತು’ ಎಂಬುದಕ್ಕೆ ಬೇರೆ ಪ್ರಮಾಣ ಬೇಕು.

ಎಣಿಕೆಯಿಂದ ಸಾಧಿಸುವ ಮಾರ್ಗವನ್ನು ಸಂಪೂರ್ಣವಾಗಿ ತಳ್ಳಿಹಾಕಬೇಕಾಗಿಲ್ಲ. ಲಂಡನ್ ವಿಶ್ವವಿದ್ಯಾಲಯದ ಮೆಗ್ ರಸೆಲ್, ಮೇಗನ್ ಬೆಂಟನ್ ಎಂಬ ವಿದುಷಿಯರು ಕಾಮನ್ಸ್ ಸಭೆಯ ಏಳು ಸಮಿತಿಗಳ ಕಾರ್ಯವನ್ನು ಪರಿಶೀಲಿಸಿ ೨೦೧೧ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಶಿಫಾರಸುಗಳಲ್ಲಿ ನೂರಕ್ಕೆ ಸುಮಾರು ೪೦ರಷ್ಟನ್ನು ಸರ್ಕಾರವು ಒಪ್ಪಿತೆಂದು ಕಂಡರು. ಆದರೆ ಅದೇ ವಿದುಷಿಯರು ಸಂಖ್ಯೆಗೆ ನಿಲುಕದ ಪ್ರಭಾವಗಳನ್ನೂ ಒತ್ತಿಹೇಳಿದ್ದಾರೆ. ನಾಳೆ ಸಮಿತಿಯ ಮುಂದೆ ನಿಂತು ಉತ್ತರಿಸಬೇಕಾದೀತೆಂಬ ಭಯದಿಂದ ಅಧಿಕಾರಿಯು ಇಂದೇ ಬಿಟ್ಟುಬಿಡುವ ಅಕಾರ್ಯವು ಯಾವ ವರದಿಯಲ್ಲಿಯೂ ದಾಖಲಾಗುವುದಿಲ್ಲ. ಆಗದೆ ಹೋದುದನ್ನು ಅರಿಯುವುದಕ್ಕೆ ಮೀಮಾಂಸಕರು ಅನುಪಲಬ್ಧಿಯೆಂಬ ಪ್ರಮಾಣವನ್ನೇ ಬೇರೆಯಾಗಿ ಒಪ್ಪಿದರು. ಆದರೆ ಇದ್ದಿದ್ದರೆ ಕಾಣುತ್ತಿತ್ತೆಂಬ ಯೋಗ್ಯತೆಯಿದ್ದಾಗ ಮಾತ್ರ ಅದು ಸಲ್ಲುತ್ತದೆ. ಆಗದ ಅಕ್ರಮವು ಕಡತದಲ್ಲಿ ಕಾಣಲು ಯೋಗ್ಯವಲ್ಲ. ಇದಕ್ಕೆ ಇರುವ ಒಂದೇ ದಾರಿ ಆ ಅಧಿಕಾರಿಗಳನ್ನು ಕಂಡು ಕೇಳುವುದು. ಭಾರತದಲ್ಲಿ ಸಮಿತಿಗಳು ಮುಚ್ಚಿದ ಬಾಗಿಲೊಳಗೆ ಕೂಡುವುದರಿಂದ ಈ ಕೆಲಸವು ಇಂಗ್ಲೆಂಡಿಗಿಂತ ಇಲ್ಲಿ ಹೆಚ್ಚು ಆವಶ್ಯಕ, ಹೆಚ್ಚು ಕಷ್ಟ.

ಈ ಪ್ರಸಂಗದಲ್ಲಿ ವುಡ್ರೋ ವಿಲ್ಸನ್ನನ ಪ್ರಬಂಧವನ್ನು ನೆನೆಯದಿರಲಾಗದು. ಅಮೆರಿಕದ ಶಾಸನಸಭೆಯ ನಿಜವಾದ ಅಧಿಕಾರವು ಸಮಿತಿಗಳ ಕೊಠಡಿಗಳಲ್ಲಿದೆಯೆಂದು ತೋರಿಸಿದ ಆತನ ಗ್ರಂಥವು ೧೮೮೫ರಲ್ಲಿ ಅಚ್ಚಾಗಿ, ಮರುವರ್ಷ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಪದವಿಯ ಪ್ರಬಂಧವಾಗಿ ಸ್ವೀಕೃತವಾಯಿತು. ಬಾಲ್ಟಿಮೋರಿನಲ್ಲಿ ಕುಳಿತು ಬರೆದ ಆ ವಿದ್ಯಾರ್ಥಿಯು, ರೈಲಿನಲ್ಲಿ ಹೋದರೆ ಅಲ್ಪಕಾಲದಲ್ಲಿ ತಲಪಬಹುದಾಗಿದ್ದ ವಾಷಿಂಗ್ಟನ್ನಿಗೆ ಹೋಗಿ ಒಂದು ಸಮಿತಿಯನ್ನೂ ನೋಡಲಿಲ್ಲ. ಗ್ರಂಥವು ಪ್ರಸಿದ್ಧವಾಯಿತು, ಇಂದಿಗೂ ಓದಲ್ಪಡುತ್ತಿದೆ. ಪ್ರತ್ಯಕ್ಷವಿಲ್ಲದೆಯೂ ಅನುಮಾನವು ಬಹುದೂರ ಹೋಗಬಲ್ಲುದೆಂಬುದಕ್ಕೆ ಅದು ಸಾಕ್ಷಿ. ಆತನಿಗೆ ಸಮಿತಿಯ ಪ್ರತ್ಯಕ್ಷವಾದುದು ರಾಷ್ಟ್ರಾಧ್ಯಕ್ಷನಾಗಿ, ೧೯೧೯ರಲ್ಲಿ, ವರ್ಸೇಲ್ಸ್ ಕೌಲನ್ನು ಸೆನೆಟ್ಟಿನ ವಿದೇಶಾಂಗ ಸಮಿತಿಯು ತಡೆಹಿಡಿದಾಗ.

ರಚನೆಯ ವಿಷಯದಲ್ಲಿ ಹೇಳಬೇಕಾದುದು ಕೊಂಚವೇ. ಶೀರ್ಷಿಕೆಯು ‘ಸಂಸತ್ಸಮಿತಿಗಳ ಪರಿಣಾಮಕಾರಿತ್ವ’ ಎಂದಿದ್ದರೆ ವಿಷಯವು ಕೈಗೆ ಸಿಕ್ಕುವುದಿಲ್ಲ. ಒಂದು ಸಮಿತಿ, ಒಂದು ವರದಿ, ಅದರ ಉತ್ತರ, ಅದರ ಕ್ರಮವರದಿ ಎಂದು ಕಟ್ಟಿಕೊಂಡರೆ ಸಿಕ್ಕುತ್ತದೆ. ಪೂರ್ವಪಕ್ಷವನ್ನು ದುರ್ಬಲಗೊಳಿಸಿ ಖಂಡಿಸಬಾರದು. ‘ಸಮಿತಿಗಳು ನಿರರ್ಥಕ’ ಎಂಬ ಪಕ್ಷಕ್ಕೆ ಅದರವರೇ ಹೇಳುವುದಕ್ಕಿಂತ ಬಲವಾದ ಯುಕ್ತಿಗಳನ್ನು ಕೊಟ್ಟು ಆಮೇಲೆ ಸಿದ್ಧಾಂತಕ್ಕೆ ಬರತಕ್ಕದ್ದು. ಮೇಲೆ ಹೇಳಿದ ಲಸಿಕೆಯ ವೃತ್ತಾಂತವನ್ನೇ ಎತ್ತಿಕೊಂಡ ವಿದ್ಯಾರ್ಥಿಯ ಸಿದ್ಧಾಂತವಾಕ್ಯವು ಹೀಗಾದೀತು: ಪ್ರಯೋಗವನ್ನು ನಿಲ್ಲಿಸಿದುದು ಸಮಿತಿಯಲ್ಲ, ನಿಯಮದ ಬದಲಾವಣೆಯಲ್ಲಿ ಅದರ ಪಾಲು ಸಂದಿಗ್ಧ, ಬಾಲಕಿಯರ ಸಮ್ಮತಿಪತ್ರಗಳಿಗೆ ಯಾರು ರುಜು ಹಾಕಿದರೆಂಬುದು ಸಂಸತ್ತಿನ ದಾಖಲೆಯಲ್ಲಿ ಉಳಿದುದು ಮಾತ್ರ ಸಮಿತಿಯಿಂದ.