ಫೈಲಿನಲ್ಲಿ ಉಳಿದದ್ದು ಅಕ್ಷರವೋ ಆಕಾರವೋ?

ಕಳೆದ ಜೂನ್ ತಿಂಗಳಲ್ಲಿ ವಿಭಾಗದ ಕಪಾಟನ್ನು ಬರಿದುಮಾಡುವಾಗ ಕಾಗದದ ಲಕೋಟೆಯಲ್ಲಿದ್ದ ಒಂದು ಸಿಡಿ ಸಿಕ್ಕಿತು. ಅದರ ಮೇಲೆ ನನ್ನದೇ ಕೈಬರಹದಲ್ಲಿ ‘ಬೀಸುವ ಪದಗಳು, ಜತ್ತ ತಾಲೂಕು, 2004’ ಎಂದಿತ್ತು. ಆ ವರ್ಷದ ಐಚ್ಛಿಕ ಕನ್ನಡ ವಿದ್ಯಾರ್ಥಿಗಳು ಗಡಿಭಾಗದ ಹಳ್ಳಿಗಳಲ್ಲಿ ತಿರುಗಿ, ಬೀಸುಕಲ್ಲಿನ ಹಾಡು ಬಲ್ಲ ಮುದುಕಿಯರಿಂದ ಕೇಳಿ ಬರೆದುಕೊಂಡು ಬಂದ ಪದಗಳವು. ಹಾಡಿದವರಲ್ಲಿ ಹೆಚ್ಚಿನವರು ಈಗಿಲ್ಲ. ದ್ವಿತೀಯ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ಕಿರುಪ್ರಬಂಧಕ್ಕೆ ಬೇಕೆಂದು ಆ ಫೈಲನ್ನು ಮೊಬೈಲಿಗೆ ಹಾಕಿಕೊಂಡು ತೆರೆದಳು. ತೆರೆಯ ಮೇಲೆ ಒಂದೇ ಒಂದು ಕನ್ನಡ ಅಕ್ಷರವಿರಲಿಲ್ಲ. ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಓರೆಗೀಟು ಹೊತ್ತ ಎ, ಪೌಂಡ್ ನಾಣ್ಯದ ಗುರುತು, ಜರ್ಮನ್ ಭಾಷೆಯ ಯಾವುದೋ ಅಕ್ಷರ, ಮತ್ತೆ ಅದೇ ಎ. ಪುಟದಿಂದ ಪುಟಕ್ಕೆ ಇದೇ ಸಂತೆ. “ಸರ್, ಇದಕ್ಕೆ ವೈರಸ್ ತಗುಲಿದೆಯೆ?” ಎಂದು ಕೇಳಿದಳು.

ತಗುಲಿರಲಿಲ್ಲ. ಫೈಲು ಇಪ್ಪತ್ತು ವರ್ಷಗಳ ಹಿಂದೆ ಹೇಗಿತ್ತೋ ಹಾಗೆಯೇ ಇತ್ತು. ಅದರಲ್ಲಿ ಕನ್ನಡ ಎಂದೂ ಇರಲಿಲ್ಲವೆಂಬುದೇ ತೊಡಕು. ಈ ಮಾತು ಒಗಟಿನಂತೆ ಕೇಳಬಹುದು. ಆದರೆ ನಿಮ್ಮ ಮೊಬೈಲಿನಲ್ಲಿ ಕನ್ನಡ ದಿನನಿತ್ಯ ಕೊಡುವ ಕಿರಿಕಿರಿಗಳಲ್ಲಿ ಬಹುಪಾಲು ಇದೇ ಒಗಟಿನ ಮಕ್ಕಳು.

ಗಣಕಯಂತ್ರಕ್ಕೆ ಅಕ್ಷರ ತಿಳಿಯದು. ಅದು ಅಂಕೆಗಳನ್ನು ಮಾತ್ರ ಕೂಡಿಡುತ್ತದೆ. ಯಾವ ಅಂಕೆಗೆ ಯಾವ ಅಕ್ಷರವೆಂಬ ಒಪ್ಪಂದ ಮೊದಲೇ ಆಗಿರಬೇಕು. ಆಗ ಬಳಕೆಯಲ್ಲಿದ್ದ ಪದ್ಧತಿಯಲ್ಲಿ ಒಂದು ಅಕ್ಷರಶೈಲಿಗೆ ಇದ್ದದ್ದು 256 ಸ್ಥಾನಗಳು. ಅವೂ ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳಿಗೆ ಹಂಚಿಹೋಗಿದ್ದವು. ಕನ್ನಡದಲ್ಲಿ ಮುದ್ರಣ ನಡೆಸಬೇಕಾದ ನಮ್ಮವರು ಒಂದು ಉಪಾಯ ಹೂಡಿದರು. ಅಂಕೆಗಳನ್ನು ಹಾಗೆಯೇ ಬಿಟ್ಟು ಚಿತ್ರಗಳನ್ನು ಮಾತ್ರ ಬದಲಾಯಿಸಿದರು. ಪಿ ಇದ್ದಲ್ಲಿ ತಲೆಕಟ್ಟಿಲ್ಲದ ಕಕಾರದ ಒಡಲು, ಓರೆಗೀಟಿನ ಎ ಇದ್ದಲ್ಲಿ ತಲೆಕಟ್ಟು, ಪೌಂಡ್ ಗುರುತಿನ ಜಾಗದಲ್ಲಿ ನಕಾರದ ಒಡಲು, ಜರ್ಮನ್ ಅಕ್ಷರದ ಜಾಗದಲ್ಲಿ ನಕಾರದ ಒತ್ತು. ಇವನ್ನು ಸಾಲಾಗಿ ಜೋಡಿಸಿದರೆ ಕಣ್ಣಿಗೆ ‘ಕನ್ನಡ’ ಎಂದೇ ಕಾಣುತ್ತದೆ. ಯಂತ್ರದ ಪಾಲಿಗೆ ಮಾತ್ರ ಅದು ಪಿ, ಎ, ಪೌಂಡ್. ಆ ಅಕ್ಷರಶೈಲಿಯ ಮುಸುಕು ಸರಿದೊಡನೆ ಒಳಗಿನ ಮುಖ ಹೊರಬೀಳುತ್ತದೆ. ನಮ್ಮ ವಿದ್ಯಾರ್ಥಿನಿ ಕಂಡದ್ದು ಅದನ್ನೇ.

ಈ ಉಪಾಯವನ್ನು ಹಳಿಯುವುದು ಕೃತಘ್ನತೆಯಾದೀತು. 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಲ್ಲದಿದ್ದರೆ ನನ್ನ ತಲೆಮಾರಿನ ಅಧ್ಯಾಪಕರು ಗಣಕದಲ್ಲಿ ಕನ್ನಡವನ್ನೇ ಕಾಣುತ್ತಿರಲಿಲ್ಲ. ಮೊಳೆ ಜೋಡಿಸುವವನು ಒಡಲು, ಒತ್ತು, ತಲೆಕಟ್ಟುಗಳನ್ನು ಬೇರೆಬೇರೆ ಖಾನೆಗಳಿಂದ ಹೆಕ್ಕಿ ಪುಟ ಕಟ್ಟುತ್ತಿದ್ದನಷ್ಟೆ. ಗಣಕದಲ್ಲಿ ನಡೆದದ್ದೂ ಅದೇ. ಅಚ್ಚಿಗೆ ಅಷ್ಟು ಸಾಕು. ಹುಡುಕಲು, ಅಕಾರಾದಿಯಾಗಿ ಜೋಡಿಸಲು, ಇನ್ನೊಂದು ಯಂತ್ರದಲ್ಲಿ ಓದಲು ಅಷ್ಟು ಸಾಲದು.

1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಅದು ಆಕಾರಕ್ಕೆ ಅಂಕೆ ಕೊಡುವುದಿಲ್ಲ, ಅಕ್ಷರಕ್ಕೆ ಕೊಡುತ್ತದೆ. ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲು. ದೇವನಾಗರಿಯ ಸಾಲು 2304ರಿಂದ ಆರಂಭ. ಎರಡು ಭಾಷೆಗಳಲ್ಲಿ ಶಾಲೆ ಕಲಿತ ನನ್ನಂಥವನಿಗೆ ಇಲ್ಲಿ ಒಂದು ಸಂತೋಷ ಕಾದಿತ್ತು. ಕನ್ನಡದ ಕಕಾರ 3221, ಮರಾಠಿಯ ಕಕಾರ 2325. ತಂತಮ್ಮ ಸಾಲಿನ ಮೊದಲಿನಿಂದ ಎರಡೂ 21 ಹೆಜ್ಜೆ ದೂರದಲ್ಲಿವೆ. ಭಾರತೀಯ ಲಿಪಿಗಳ ಹಿಂದಿನ ಸಂಕೇತವ್ಯವಸ್ಥೆಯ ಕ್ರಮವನ್ನೇ ಅನುಸರಿಸಿದ್ದರಿಂದ ಹೀಗಾಯಿತು. ಲಿಪಿ ಬೇರೆಯಾದರೂ ವರ್ಣಮಾಲೆಯ ಪಂಕ್ತಿಯಲ್ಲಿ ಕೂರುವ ಜಾಗ ಒಂದೇ.

ಹೀಗೆ ಅಂಕೆಗಳನ್ನಷ್ಟೇ ಇಟ್ಟರೆ ಆಕಾರವನ್ನು ಕಟ್ಟುವವರು ಯಾರು? ಆ ಕೆಲಸ ಮೊಬೈಲಿನೊಳಗಿನ ತಂತ್ರಾಂಶ ಮತ್ತು ಅಕ್ಷರಶೈಲಿಗಳ ಪಾಲಿಗೆ ಬಂತು. ‘ಸ್ತ್ರೀ’ ಎಂಬುದನ್ನು ನೋಡಿ. ನಿಮಗೂ ನನಗೂ ಅದು ಒಂದೇ ಅಕ್ಷರ. ಫೈಲಿನಲ್ಲಿ ಅದು ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರದ ಚಿಹ್ನೆ, ಒಟ್ಟು ಆರು ಅಂಕೆಗಳು. ಆರನ್ನೂ ಓದಿ, ಒತ್ತುಗಳನ್ನು ಕೆಳಗಿಳಿಸಿ, ದೀರ್ಘವನ್ನು ಪಕ್ಕಕ್ಕಿರಿಸಿ ತೋರಿಸಬೇಕು. ಅಳಿಸುವ ಕೀಲಿಯನ್ನು ಒಮ್ಮೆ ಒತ್ತಿದರೆ ಅಕ್ಷರವಿಡೀ ಹೋಗದೆ ದೀರ್ಘ ಮಾತ್ರ ಏಕೆ ಹೋಗುತ್ತದೆಂದು ಈಗ ನಿಮಗೆ ಗೊತ್ತಾಗಿರಬೇಕು. ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಯುವ ಒಂದು ಎಸ್ಎಂಎಸ್ ಕನ್ನಡಕ್ಕೆ 70 ಸ್ಥಾನಗಳನ್ನಷ್ಟೇ ಕೊಡುತ್ತದೆ. ಆ ಎಪ್ಪತ್ತರಲ್ಲಿ ಒಬ್ಬ ಸ್ತ್ರೀಗೆ ಆರು ಖರ್ಚು.

ಕಟ್ಟುವ ಕೆಲಸ ಕೆಟ್ಟಾಗ ಏನಾಗುತ್ತದೆಂಬುದನ್ನು ನಮ್ಮೂರಿನ ಫ್ಲೆಕ್ಸ್ ಫಲಕಗಳಲ್ಲಿ ದಿನವೂ ಕಾಣುತ್ತೀರಿ. ಒತ್ತಕ್ಷರ ಕಳಚಿ, ನಡುವೆ ಅರ್ಧಾಕ್ಷರ ನಿಂತು, ರಾಜ್ಯೋತ್ಸವದ ಶುಭಾಶಯ ತೊದಲುತ್ತಿರುತ್ತದೆ. ಅಕ್ಷರ ಸರಿಯಾಗಿಯೇ ಇದೆ. ವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿ ಜೋಡಿಸುವ ಸೌಲಭ್ಯವನ್ನು ಯಾರೂ ಚಾಲೂ ಮಾಡಿಲ್ಲ. ಮೊಬೈಲಿನಲ್ಲಿ ಖಾಲಿ ಚೌಕಗಳು ಕಂಡರೆ ಅಕ್ಷರಶೈಲಿಯೇ ಇಲ್ಲವೆಂದರ್ಥ. ಚುಕ್ಕೆಗಳ ಒಂದು ವೃತ್ತ ಕಂಡರೆ ಯಾವುದೋ ಸ್ವರಚಿಹ್ನೆ ತನ್ನ ವ್ಯಂಜನವನ್ನು ಕಳೆದುಕೊಂಡು ಅನಾಥವಾಗಿದೆ. ಭಾರತದಲ್ಲಿ ಮಾರುವ ಮೊಬೈಲುಗಳು ನಮ್ಮ ಭಾಷೆಗಳ ಬರಹವನ್ನು ತೋರಿಸಬೇಕೆಂಬ ಮಾನಕ 2016ರಷ್ಟು ಈಚಿನದು ಎಂಬುದನ್ನು ನೆನೆದರೆ, ಹಳೆಯ ಮೊಬೈಲುಗಳ ಮೇಲೆ ಕೋಪ ಸ್ವಲ್ಪ ಇಳಿಯಬಹುದು.

ದೊಡ್ಡ ಕಂಪನಿಗಳೂ ಇಲ್ಲಿ ಎಡವಿವೆ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರವುಳ್ಳ ಸಂದೇಶ ಬಂದರೆ ಐಫೋನಿನ ಸಂದೇಶ ತಂತ್ರಾಂಶಗಳು ಕುಸಿದು ಬೀಳುತ್ತಿದ್ದವು. ಜಕಾರ, ವಿರಾಮ, ಞಕಾರ, ಕಣ್ಣಿಗೆ ಕಾಣದ ಒಂದು ಸಂಕೇತ, ಆಮೇಲೆ ಆಕಾರದ ಚಿಹ್ನೆ, ಈ ಸರಣಿಯನ್ನು ಕಟ್ಟಲಾಗದೆ ಯಂತ್ರ ಕೈಚೆಲ್ಲಿತ್ತು. ಅದೇ ತಿಂಗಳಲ್ಲಿ ಆಪಲ್ ಸಂಸ್ಥೆ ಅದನ್ನು ಸರಿಪಡಿಸಿತು. ಜ್ಞಾನದ ಮೊದಲ ಅಕ್ಷರಕ್ಕೇ ಯಂತ್ರ ಮೂರ್ಛೆ ಹೋದದ್ದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ನಗೆಯೇಳುತ್ತದೆ.

ಆ ಕಾಣದ ಸಂಕೇತಗಳ ಪರಿಚಯ ನಿಮಗೆ ಬೇಕೇ ಬೇಕು. ಒಂದು ಬಿಡಿಸುತ್ತದೆ, ಇನ್ನೊಂದು ಬೆಸೆಯುತ್ತದೆ. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರದ ಬಳಿಕ ಬಿಡಿಸುವ ಸಂಕೇತವಿಲ್ಲದಿದ್ದರೆ ‘ರಾಜ್ಕುಮಾರ್’ ಎಂದು ಕಕಾರ ಕೆಳಗಿಳಿಯುತ್ತದೆ. ಮರಾಠಿಗೆ ಈ ಕಾಟ ಕಡಿಮೆ. ಅಲ್ಲಿ ಅಕ್ಕಲಕೋಟ ಎಂದು ಅಕಾರಾಂತವಾಗಿ ಬರೆದು, ಓದುವಾಗ ಅಕಾರವನ್ನು ನುಂಗಿಬಿಡುತ್ತಾರೆ. ಕನ್ನಡ ಬರೆದಂತೆ ಓದುವ ಭಾಷೆಯಾದ್ದರಿಂದ ನಮಗೆ ಆ ಅನುಕೂಲವಿಲ್ಲ. ಇನ್ನು ರಕಾರ, ಬಳಿಕ ವಿರಾಮ, ಬಳಿಕ ವ್ಯಂಜನ ಬಂದರೆ ಯಂತ್ರ ಅರ್ಕಾವತ್ತನ್ನೇ ಕೊಡುತ್ತದೆ. ಧರ್ಮ, ಸೂರ್ಯಗಳಿಗೆ ಅದು ಸರಿ. ‘ರ‍್ಯಾಂಕ್’ ಎಂದು ರಕಾರವನ್ನು ಮೇಲೆಯೇ ನಿಲ್ಲಿಸಬೇಕಾದರೆ ರಕಾರದ ಬೆನ್ನಿಗೆ ಬೆಸೆಯುವ ಸಂಕೇತ ಬೇಕು.

ಮರಾಠಿಯಲ್ಲಿ ಇದರ ಸೋದರ ಸಮಸ್ಯೆಯೊಂದಿದೆ. ‘ಆಚಾರ್ಯಾಸ’ ಎಂಬಲ್ಲಿ ಯಕಾರದ ಮೇಲೆ ರಫಾರ ಹಾಕಿದರೆ ‘ಆಚಾರ್ಯನಿಗೆ’ ಎಂದರ್ಥ. ಅರ್ಧ ರಕಾರವನ್ನು ಕಣ್ಣೆವೆಯಂತೆ ಬಾಗಿಸಿ ಮುಂದೆ ಬರೆದರೆ ‘ಅಡುಗೆಯವನಿಗೆ’. ನಮ್ಮ ಮರಾಠಿ ಗುರುಗಳು ಇದೊಂದು ತಪ್ಪಿಗೆ ಮುಂಗೈ ಗೆಣ್ಣಿಗೆ ಅಳತೆಪಟ್ಟಿಯಿಂದ ಹೊಡೆಯುತ್ತಿದ್ದರು. ಯೂನಿಕೋಡಿನಲ್ಲಿ ಆ ಎವೆ ರಕಾರಕ್ಕೆ ಬಳಸುವುದು ದೇವನಾಗರಿ ಸಾಲಿನ 49ನೆಯ ಹೆಜ್ಜೆಯ ಅಕ್ಷರವನ್ನು. ಕನ್ನಡದ ಸಾಲಿನಲ್ಲಿ ಅದೇ ಹೆಜ್ಜೆಯಲ್ಲಿ ಕುಳಿತಿರುವುದು ನಮ್ಮ ಶಕಟರೇಫ, ಱ! ದ್ರಾವಿಡ ಭಾಷೆಗಳ ಱಕಾರವನ್ನು ಬರೆಯಲೆಂದು ದೇವನಾಗರಿಯಲ್ಲಿ ಇಟ್ಟ ಸ್ಥಾನವದು. ಮರಾಠಿ ಅದನ್ನು ತನ್ನ ಅಡುಗೆಯವನಿಗೆ ಕೊಟ್ಟಿದೆ.

ಈಗ ಸಿಡಿಗೆ ಮರಳೋಣ. ಆಕಾರಗಳ ಫೈಲನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಿವೆ. ನಾವೂ ಒಂದನ್ನು ಬಳಸಿದೆವು. ಕೆಲಸ ಸುಲಭದ್ದಲ್ಲ. ‘ಅಕ್ಕಿ’ ಎಂಬುದು ಆಕಾರದ ಕ್ರಮದಲ್ಲಿ ಅ, ಕಿ, ಕಕಾರದ ಒತ್ತು. ಉಚ್ಚಾರದ ಕ್ರಮದಲ್ಲಿ ಅ, ಕ್, ಕ್, ಇ. ಪರಿವರ್ತಕ ಹಿಂದಿನದನ್ನು ಮುಂದೆ, ಮುಂದಿನದನ್ನು ಹಿಂದೆ ಸರಿಸಬೇಕು. ಅರ್ಕಾವತ್ತನ್ನಂತೂ ವ್ಯಂಜನದ ಬಲದಿಂದ ಕಿತ್ತು ಎಡಕ್ಕೆ ತರಬೇಕು. ಒಳ್ಳೆಯ ಪರಿವರ್ತಕ ಇದನ್ನೆಲ್ಲ ಮಾಡುತ್ತದೆ. ಕನ್ನಡದ ಪದಗಳು ಅಲ್ಲಲ್ಲಿ ಗಾಯಗೊಂಡರೂ ಬದುಕಿ ಬಂದವು.

ಆದರೆ ನಮ್ಮ ಭಾಗದ ಬೀಸುವ ಪದ ಬರಿಯ ಕನ್ನಡವಲ್ಲ. ತವರು ಕನ್ನಡದ್ದು, ಕೊಟ್ಟ ಮನೆ ಮರಾಠಿಯದು ಆದ ಹೆಂಗಸು ಎರಡು ಪದ ಕನ್ನಡದಲ್ಲಿ ಹಾಡಿ ಮೂರನೆಯದಕ್ಕೆ ಓವಿ ಹಿಡಿಯುತ್ತಾಳೆ. ವಿದ್ಯಾರ್ಥಿಗಳು ಅವನ್ನು ಹಾಗೆಯೇ ಬರೆದು ತಂದಿದ್ದರು. ಬೆರಳಚ್ಚು ಮಾಡಿಸುವಾಗ ಕನ್ನಡಕ್ಕೆ ಒಂದು ಅಕ್ಷರಶೈಲಿ, ಮರಾಠಿಗೆ ಇನ್ನೊಂದು. ಎರಡರದ್ದೂ ಅವೇ 256 ಸ್ಥಾನಗಳು, ಹಂಚಿಕೆ ಮಾತ್ರ ಬೇರೆ. ಯಾವ ಸಾಲಿಗೆ ಯಾವ ಶೈಲಿ ಎಂಬ ಗುರುತು ಮೂಲ ಫೈಲಿನಲ್ಲಿತ್ತು. ಅದನ್ನು ಅಳಿಸಿದವನು ನಾನು. ಫ್ಲಾಪಿಯ 1.44 ಎಂಬಿಯಲ್ಲಿ ಎಲ್ಲವೂ ಹಿಡಿಯಲೆಂದು ಫೈಲನ್ನು ಶೈಲಿಯ ಗುರುತಿಲ್ಲದ ಸಾದಾ ಪಠ್ಯವಾಗಿ ಉಳಿಸಿದ್ದೆ. ಸಿಡಿಗೆ ಹೋದದ್ದು ಅದೇ ಪ್ರತಿ. ಪರಿವರ್ತಕ ಓವಿಗಳನ್ನೂ ಕನ್ನಡವೆಂದೇ ತಿಳಿದು, ಯಾವ ಭಾಷೆಯೂ ಅಲ್ಲದ ಕನ್ನಡ ಲಿಪಿಯ ಗೊಂದಲವೊಂದನ್ನು ನಮ್ಮ ಕೈಗಿತ್ತಿತು.

ಬೆರಳಚ್ಚು ಮಾಡಿದ ಅಂಗಡಿ ಮುಚ್ಚಿ ಎಷ್ಟೋ ವರ್ಷಗಳಾಗಿವೆ. ಆ ಮರಾಠಿ ಶೈಲಿ ಯಾವುದೆಂದು ಹೇಳುವವರಿಲ್ಲ. ಕೊನೆಗೆ ಶಾಸನ ಓದುವವರ ದಾರಿ ಹಿಡಿದೆವು. ಓವಿಗಳಲ್ಲಿ ಪದೇಪದೇ ಬರುವ ‘ಮಾಝ್ಯಾ’, ‘ಬಾಈ’ ಮುಂತಾದ ಮಾತುಗಳು ಎಲ್ಲಿರಬಹುದೆಂದು ಊಹಿಸಿ, ಆ ಗುರುತುಗಳಿಗೆ ಬೆಲೆ ಕಟ್ಟಿ, ಒಂದೊಂದೇ ಅಕ್ಷರವನ್ನು ಬಿಡಿಸುತ್ತ ಬಂದೆವು. ಅಂದಿನ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಮೂಲ ನೋಟುಬುಕ್ಕು ಉಳಿದಿತ್ತು; ಪೆನ್ಸಿಲ್ ಬರಹ, ಅರ್ಧ ಮಾಸಿದೆ. ತಾಳೆ ನೋಡಲು ಅದೇ ಆಧಾರ.

ನೀವು ಸಿದ್ಧಪಡಿಸುತ್ತಿರುವ ಪ್ರಬಂಧಗಳ ವಿಷಯದಲ್ಲಿ ಒಂದೆರಡು ಮಾತು ಸಾಕು. ಟೈಪು ಮಾಡಿಸುವ ಅಂಗಡಿಯಲ್ಲಿ ಯೂನಿಕೋಡ್ ಎಂದು ಕೇಳಿ ಪಡೆಯಿರಿ. ಒಂದು ಸಾಲನ್ನು ನಕಲಿಸಿ ನಿಮ್ಮ ಮೊಬೈಲಿನ ಸಂದೇಶಕ್ಕೆ ಅಂಟಿಸಿದರೆ ನಿಜ ತಿಳಿಯುತ್ತದೆ. ಸೊನ್ನೆಯ ವಿಷಯದಲ್ಲಿ ಎಚ್ಚರ. ‘ಸ೦ಶೋಧನೆ’ ಎಂದು ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಒತ್ತುವವರು ಬಹಳ. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಅನುಸ್ವಾರ 3202, ಅಂಕಿ 3302. ಹುಡುಕಿದರೆ ಆ ಸಂಶೋಧನೆ ಎಂದಿಗೂ ಸಿಗದು. ಅಚ್ಚಾದ ಒಂದು ಪ್ರತಿಯನ್ನು ವಿಭಾಗಕ್ಕೆ ಕೊಡುವುದು ಮಾತ್ರ ತಪ್ಪದಿರಲಿ. ಕಾಗದಕ್ಕೆ ಅಕ್ಷರಶೈಲಿ ಬೇಕಿಲ್ಲ.

ಹಳಗನ್ನಡ ಓದುವವರಿಗೆ ಇನ್ನೊಂದು ಸಂಗತಿ. ಕೇಶಿರಾಜನು ರಳ, ಕುಳ, ಕ್ಷಳಗಳೆಂದು ಬೇರ್ಪಡಿಸಿ ತೋರಿಸಿದವುಗಳಲ್ಲಿ ಮೊದಲನೆಯದಾದ ೞಕಾರಕ್ಕೆ ಯೂನಿಕೋಡಿನಲ್ಲಿ 3294ನೆಯ ಸ್ಥಾನವಿದೆ. ಆದರೆ ಅದರ ಅಧಿಕೃತ ಹೆಸರು ‘ಕನ್ನಡ ಅಕ್ಷರ ಫ’ ಎಂದಾಗಿದೆ! ದೇವನಾಗರಿ ಸಾಲಿನಲ್ಲಿ ಅದೇ ಹೆಜ್ಜೆಯಲ್ಲಿ ಚುಕ್ಕೆಯುಳ್ಳ ಫಕಾರವಿದೆ. ತಪ್ಪು ಎಲ್ಲಿಂದ ಬಂದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮವಾದ್ದರಿಂದ, ತಪ್ಪೆಂಬ ಟಿಪ್ಪಣಿಯೊಡನೆ ಹೆಸರು ಹಾಗೆಯೇ ನಿಂತಿದೆ. ಮೊಬೈಲಿನ ಕೀಲಿಮಣೆಯಲ್ಲಿ ೞ ಸಿಗದಿದ್ದರೆ ಳಕಾರ ಹಾಕಿ ಮುಂದುವರಿಯಬೇಡಿ. ಬೇರೆಡೆಯಿಂದ ನಕಲಿಸಿಯಾದರೂ ಅದನ್ನೇ ಇಡಿ. ಇಲ್ಲದಿದ್ದರೆ ಬಾಳೂ ಬಾೞೂ ಒಂದೇ ಆಗಿಹೋಗುತ್ತವೆ.

ಸಿಡಿಯಲ್ಲಿದ್ದ ಓವಿಗಳಲ್ಲಿ ಹನ್ನೊಂದು ಇನ್ನೂ ಬಿಡಿಸಲಾಗದೆ ಉಳಿದಿವೆ. ಸೋಮವಾರ ಮಧ್ಯಾಹ್ನ ಮೂರರ ಬಳಿಕ ನಾವು ಮೂವರು ನೋಟುಬುಕ್ಕು ಇಟ್ಟುಕೊಂಡು ವಿಭಾಗದಲ್ಲಿ ಕುಳಿತಿರುತ್ತೇವೆ. ಮನೆಯಲ್ಲಿ ಅಜ್ಜಿಯಿಂದ ಓವಿ ಕೇಳಿ ಬೆಳೆದವರು ಯಾರಾದರೂ ಬಂದರೆ ಕೆಲಸ ಬೇಗ ಸಾಗುತ್ತದೆ.