ಸಂಶೋಧನೆಗೆ ಹಣ: ಅರ್ಜಿಯ ಹಣೆಬರಹ ಬರೆಯುವವರು ಯಾರು?

2023ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಕಾಟಲಿನ್ ಕರಿಕೋ ಅವರು 1990ರ ದಶಕದಲ್ಲಿ ಎಂಆರ್‌ಎನ್‌ಎ ಸಂಶೋಧನೆಗೆ ಧನಸಹಾಯ ಕೋರಿ ಸಲ್ಲಿಸಿದ ಅರ್ಜಿಗಳು ಮೇಲಿಂದ ಮೇಲೆ ತಿರಸ್ಕೃತವಾದವು. 1995ರಲ್ಲಿ ಅವರು ಹಿಂಬಡ್ತಿಯನ್ನೂ ಅನುಭವಿಸಬೇಕಾಯಿತು. ಮುಂದೆ ಕೋವಿಡ್ ಲಸಿಕೆಗೆ ಬುನಾದಿಯಾದದ್ದು ಅದೇ ಸಂಶೋಧನೆ. ಇಂಥ ಅರ್ಜಿಗಳ ಗುಣದೋಷಗಳನ್ನು ಅಳೆಯುವವರು ಕಚೇರಿಯ ಅಧಿಕಾರಿಗಳಲ್ಲ, ಅದೇ ಕ್ಷೇತ್ರದ ಇತರ ವಿಜ್ಞಾನಿಗಳು.

‘ಪೀರ್ ರಿವ್ಯೂ’ ಎಂಬ ಈ ಪದ್ಧತಿ ನಡೆಯುವ ಬಗೆಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಉತ್ತಮ ನಿದರ್ಶನ. ಅಲ್ಲಿಗೆ ಬಂದ ಅರ್ಜಿ ಮೊದಲು ವಿಷಯತಜ್ಞರ ಸಮಿತಿಯನ್ನು ಸೇರುತ್ತದೆ. ಸಾಮಾನ್ಯವಾಗಿ ಮೂವರು ಸದಸ್ಯರು ಅದನ್ನು ಆಮೂಲಾಗ್ರವಾಗಿ ಓದಿ, ಟಿಪ್ಪಣಿ ಬರೆದು, 1ರಿಂದ 9ರವರೆಗೆ ಅಂಕ ಕೊಡುತ್ತಾರೆ. ನಮ್ಮ ಪರೀಕ್ಷೆಗಳಿಗೆ ತದ್ವಿರುದ್ಧವಾಗಿ ಇಲ್ಲಿ 1 ಅತ್ಯುತ್ತಮ, 9 ತೀರ ಕಳಪೆ! ಈ ಹಂತದಲ್ಲೇ ಹಿಂದೆ ಬಿದ್ದ ಅರ್ಜಿಗಳು ಸಭೆಯ ಚರ್ಚೆಗೆ ಬರುವುದಿಲ್ಲ. ಉಳಿದವುಗಳ ಕುರಿತು ಆ ಮೂವರು ಮಾತನಾಡಿದ ಮೇಲೆ ಇಡೀ ಸಮಿತಿ ಅಂಕ ನೀಡುತ್ತದೆ. ಅರ್ಜಿಯನ್ನು ಪೂರ್ತಿ ಓದದವರೂ ಅದರಲ್ಲಿರಬಹುದು ಎಂಬುದು ಗಮನಾರ್ಹ. ಅರ್ಜಿದಾರರೊಡನೆ ಹಿತಾಸಕ್ತಿಯ ನಂಟುಳ್ಳವರು ಆ ಹೊತ್ತು ಸಭೆಯಿಂದ ಹೊರಗಿರಬೇಕು. ಅಂಕಗಳ ಸರಾಸರಿಯನ್ನು 10ರಿಂದ ಗುಣಿಸಿದರೆ 10ರಿಂದ 90ರ ನಡುವಿನ ಅಂತಿಮ ಅಂಕ ದೊರೆಯುತ್ತದೆ. ಸಲಹಾ ಮಂಡಳಿಯ ಎರಡನೆಯ ಪರಿಶೀಲನೆ ಮುಗಿದ ನಂತರವೇ ಹಣದ ನಿರ್ಧಾರ.

ಏರ್ಪಾಟೇನೋ ಅಚ್ಚುಕಟ್ಟಾಗಿದೆ. ಆದರೆ ಆ ಅಂಕಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು? 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದೇ ಪದ್ಧತಿಯನ್ನು ಮರುಸೃಷ್ಟಿಸಿ, 25 ಅರ್ಜಿಗಳನ್ನು 43 ಪರಿಶೀಲಕರ ಮುಂದಿಟ್ಟಿತು. ಒಂದೇ ಅರ್ಜಿಗೆ ಬೇರೆ ಬೇರೆ ಪರಿಶೀಲಕರು ಕೊಟ್ಟ ಅಂಕಗಳಲ್ಲಿ ಹೊಂದಾಣಿಕೆಯೇ ಕಾಣಲಿಲ್ಲ. ಅವೆಲ್ಲವೂ ಅದಾಗಲೇ ಹಣ ಪಡೆದಿದ್ದ ಉತ್ತಮ ಅರ್ಜಿಗಳೆಂಬುದನ್ನು ಮರೆಯುವಂತಿಲ್ಲ. ಜೊಳ್ಳನ್ನು ತೂರಿ ಬಿಡುವುದು ಸುಲಭ. ಗಟ್ಟಿಕಾಳುಗಳಲ್ಲೇ ಯಾವುದು ಮೇಲೆಂದು ಹೇಳುವುದು ಕಷ್ಟ. ಆದರೂ ಅಂಕದ ಅಲ್ಪ ವ್ಯತ್ಯಾಸ ಒಂದು ಪ್ರಯೋಗಾಲಯವನ್ನು ಉಳಿಸಬಹುದು, ಇನ್ನೊಂದನ್ನು ಮುಚ್ಚಿಸಬಹುದು.

ಹಾಗಾಗಿಯೇ ಕೆಲವು ದೇಶಗಳು ಅದೃಷ್ಟದ ಚೀಟಿಗೂ ಜಾಗ ಕೊಟ್ಟಿವೆ. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ 2013ರಲ್ಲಿ ಒಂದು ಬಗೆಯ ಅನುದಾನಕ್ಕೆ ಲಾಟರಿ ಆರಂಭಿಸಿತು. ಹೊಸತನ ಮತ್ತು ಕಾರ್ಯಸಾಧ್ಯತೆಯನ್ನು ಪರಿಶೀಲಿಸಿದ ಮೇಲೆ ಅರ್ಹವಾದ ಅರ್ಜಿಗಳೆಲ್ಲ ಅಲ್ಲಿ ಸಮಾನ. 2021ರಲ್ಲಿ ಸ್ವಿಸ್ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವೂ ಚೀಟಿ ಎತ್ತುವ ಕ್ರಮವನ್ನು ಒಪ್ಪಿಕೊಂಡಿತು. ಅಲ್ಲಿ ಇದು ಎಲ್ಲ ಅರ್ಜಿಗಳಿಗೂ ಅನ್ವಯಿಸುವುದಿಲ್ಲ. ಹಣದ ಗಡಿರೇಖೆಯ ಬಳಿ ನಿಂತು, ಎಷ್ಟು ಚರ್ಚಿಸಿದರೂ ಒಂದಕ್ಕಿಂತ ಒಂದು ಮೇಲೆಂದು ತಜ್ಞರು ಹೇಳಲಾಗದ ಅರ್ಜಿಗಳಿಗೆ ಮಾತ್ರ.