ಬಾಗಿಲಿಗೆ ಬಂದ ಪೊಲೀಸಿನವರು

ಊಟಮಾಡದ ಮಗುವಿಗೆ "ಪೊಲೀಸಿನವನನ್ನು ಕರೆಯುತ್ತೇನೆ" ಎಂದು ಹೆದರಿಸುವುದು ನಮ್ಮ ಮನೆಗಳಲ್ಲಿ ಹಳೆಯ ವಾಡಿಕೆ. ಉಪಾಧ್ಯಾಯರಾಗಿದ್ದೂ ನಾವು ನಮ್ಮ ಮಕ್ಕಳನ್ನು ಹಾಗೆಯೇ ಹೆದರಿಸಿದವರು.

೨೦೨೫ನೆಯ ಇಸವಿಯಲ್ಲಿ ಕರ್ನಾಟಕದ ಪೊಲೀಸ್ ಇಲಾಖೆಯು 'ಮನೆ ಮನೆಗೆ ಪೊಲೀಸ್' ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಗಸ್ತಿನವರು ದೂರು ಬರುವವರೆಗೆ ಕಾಯದೆ ತಾವಾಗಿಯೇ ಮನೆಗಳಿಗೆ ಹೋಗಿ ಪರಿಚಯ ಮಾಡಿಕೊಳ್ಳಬೇಕೆಂಬುದು ಅದರ ತಿರುಳು. ನೆರೆಯ ಕೇರಳದಲ್ಲಿ ಇಂತಹುದು 'ಜನಮೈತ್ರಿ'ಯೆಂಬ ಹೆಸರಿನಿಂದ ೨೦೦೮ರಲ್ಲಿಯೇ ಮೊದಲಾಗಿತ್ತು.

ನಮ್ಮ ಮನೆಗೂ ತರುಣ ಪೇದೆಯೊಬ್ಬರು ಬಂದರು. ಖಾಕಿಯನ್ನು ಕಂಡೊಡನೆ ನಮ್ಮ ಮನೆಯವರ ಕೈಯಲ್ಲಿದ್ದ ಪಾತ್ರೆ ನಡುಗಿತು. ಎದುರುಮನೆಯ ಕಿಟಕಿ ತೆರೆಯಿತು. ಅವರು ಕೇಳಿದ್ದು, "ಮೇಷ್ಟ್ರೇ, ಇಲ್ಲಿ ನೀವಿಬ್ಬರೇ ಇರುವುದೇ?" ಎಂದಿಷ್ಟೇ. ನೀರು ಕುಡಿದು, ಚೀಟಿಯಲ್ಲಿ ತಮ್ಮ ಫೋನಿನ ನಂಬರು ಬರೆದಿಟ್ಟು ಹೋದರು.

ಕೆಲವು ತಿಂಗಳ ಮೇಲೆ ಸಮವಸ್ತ್ರ ತೊಟ್ಟ ಒಬ್ಬನು ಮೊಬೈಲಿನ ಪರದೆಯಲ್ಲಿ ಕಾಣಿಸಿಕೊಂಡು, ನಮ್ಮನ್ನು 'ಡಿಜಿಟಲ್ ಅರೆಸ್ಟ್' ಮಾಡಿರುವುದಾಗಿಯೂ, ಯಾರಿಗೂ ತಿಳಿಸದೆ ಹಣ ಕಳುಹಿಸಬೇಕೆಂದೂ ಗರ್ಜಿಸಿದನು. ಅಂತಹ ಬಂಧನವು ಈ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ಆ ಕ್ಷಣದಲ್ಲಿ ಅದು ಹೊಳೆಯಬೇಕಲ್ಲ! ಬಾಲ್ಯದ ಆ ಹೆದರಿಕೆಯೇ ಇಂತಹ ವಂಚಕರ ಬಂಡವಾಳ. ಪಾತ್ರೆ ನಡುಗಿಸಿದ್ದ ನಮ್ಮ ಮನೆಯವರೇ ಒಳಗಿನಿಂದ ಚೀಟಿಯನ್ನು ತಂದು, ತಮ್ಮ ಫೋನಿನಿಂದ ಆ ನಂಬರಿಗೆ ಕರೆಮಾಡಿದರು. "ಅವನ ಕರೆಯನ್ನು ಕತ್ತರಿಸಿ, ಹಣ ಹೋಗಿದ್ದರೆ ಕೂಡಲೆ ೧೯೩೦ಕ್ಕೆ ತಿಳಿಸಿ, ನಾನು ಬರುತ್ತೇನೆ" ಎಂದರು ಪೇದೆಯವರು. ಬಂದರು ಕೂಡ. ಹಣ ಹೋಗಿರಲಿಲ್ಲ.

ಈಚೆಗೆ ಅವರಿಗೆ ವರ್ಗವಾಯಿತು. ಪರಿಚಯವು ಬೇರೂರುವ ವೇಳೆಗೆ ಆಳನ್ನೇ ಕಿತ್ತೊಯ್ಯುವ ಈ ಕ್ರಮ ನಮಗೆ ಒಪ್ಪಿಗೆಯಾಗದು. ಹೊಸಬರು ಇನ್ನೂ ನಮ್ಮ ಬೀದಿಗೆ ಬಂದಿಲ್ಲ. ನಾವೇ ಠಾಣೆಗೆ ಹೋಗಿ ಅವರ ಹೆಸರನ್ನು ಕೇಳಿ ಬರಬೇಕೆಂದಿದ್ದೇವೆ; ನಮ್ಮ ಮನೆಯವರೂ ಜೊತೆಗೆ ಬರುವರಂತೆ.